ಮಧ್ಯಾಹ್ನದ ಬಸ್ಸಿನಿಂದ ಇಳಿದವಳು

ತಮ್ಮ ಕಥೆಯ ಹೆಸರು ಯಾರಾದರೂ ಎತ್ತಿದರೆ ಮಹಾಗಣಪತಿ ಮೇಷ್ಟ್ರಿಗೆ ಈಚೀಚೆಗೆ ಆಕಳಿಕೆ ಬರುತ್ತಿತ್ತು. ಅಹಂಕಾರವಲ್ಲ, ಬರೀ ಸುಸ್ತು. ಅವರು ಬರೆದದ್ದು ಹದಿನೈದಿಪ್ಪತ್ತು ಕಥೆಗಳಾದರೂ ಇರಬಹುದು. ಜನರ ನೆನಪಿನಲ್ಲಿ ಉಳಿದದ್ದು ‘ನಿಂತವಳು’ ಒಂದೇ.

ಅದನ್ನು ಬರೆದ ಕಾಲಕ್ಕೆ ಅವರು ಹೊಸನಗರದಾಚೆಯ ನಗರವೆಂಬ ಊರಿನ ಹೈಸ್ಕೂಲಿನಲ್ಲಿ ಹೊಸದಾಗಿ ಸೇರಿದ ಮೇಷ್ಟ್ರು, ಮದುವೆಯಾಗಿರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನ ಮೇಲೆ ಒಂದು ಕೋಣೆ, ಕೆಳಗೆ ಊಟ ತಿಂಡಿ. ಒಂದು ದಿನ, ಶಾಲೆಗೆ ರಜೆ, ಹೋಟೆಲಿನ ಜಗಲಿಯಲ್ಲಿ ಕೂತವರಿಗೆ ಎದುರಿನ ಮರದ ಕೆಳಗೆ ಒಬ್ಬಳು ಹೆಂಗಸು ಕಂಡಳು. ಕಂಕುಳಲ್ಲಿ ಮಗು, ಕೈಯಲ್ಲೊಂದು ಕಡ್ಡಿ ಮುರಿದ ಛತ್ರಿ. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು. ಬಸ್ಸು ಬಂದಾಗಲೆಲ್ಲ ಅವಳು ಮುಂದೆ ಬರುತ್ತಿದ್ದಳು, ಹತ್ತದೆ ಹಿಂದೆ ಸರಿಯುತ್ತಿದ್ದಳು. ಸಂಜೆಯವರೆಗೂ ಇದೇ. ಅವಳ ತಲೆಯೊಳಗೆ ಏನು ನಡೆಯುತ್ತಿರಬಹುದು ಎಂದು ಮಹಾಗಣಪತಿ ಯೋಚಿಸುತ್ತ ಕೂತರು. ಬೆಳಕು ಕಂತುವ ಹೊತ್ತಿಗೆ ಕಥೆಯ ಕೊನೆಯ ಸಾಲು ಹೊಳೆದುಬಿಟ್ಟಿತು. ಮರೆತು ಹೋದೀತೆಂದು ಮೆಟ್ಟಿಲು ಹತ್ತಿ ಓಡಿದರು, ಕಾಗದದ ಮುಂದೆ ಕೂತರು.

ಆ ಕಥೆಯಲ್ಲಿ ಆರಂಭದಿಂದ ಅಂತ್ಯದವರೆಗೆ ಒಂದೇ ಒಂದು ಪೂರ್ಣವಿರಾಮವಿಲ್ಲ. ಹೆಂಗಸಿಗೆ ಹೆಸರಿಲ್ಲ. ಎಲ್ಲವೂ ಅವಳ ಮನಸ್ಸಿನಲ್ಲೇ ಹರಿಯುತ್ತದೆ: ಬಸ್ಸಿನ ಸದ್ದಿನ ನಡುವೆ ಬಾಲ್ಯ, ಬಾಲ್ಯದ ನಡುವೆ ಗಂಡನ ಉಸಿರು, ಅದರ ನಡುವೆ ಮಗುವಿನ ಅಳು. ಕೊನೆಯ ಸಾಲಿಗೆ ಕ್ರಿಯಾಪದವೇ ಇಲ್ಲ. ಅವಳು ಹತ್ತಿದಳೋ ಇಲ್ಲವೋ ಗೊತ್ತಾಗುವುದಿಲ್ಲ. ಸಣ್ಣ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಿ, ಕನ್ನಡ ಕಥೆಗೆ ಹೊಸ ಬಾಗಿಲು ತೆರೆಯಿತು ಎಂದು ಬರೆಯಿತು. ಆಮೇಲೆ ಕೆಲವು ವರ್ಷ ಎಲ್ಲೆಲ್ಲೂ ಪೂರ್ಣವಿರಾಮವಿಲ್ಲದ ಕಥೆಗಳೇ ಬಂದವು. ‘ನಿಂತವಳು’ ಪಠ್ಯಪುಸ್ತಕಕ್ಕೆ ಸೇರಿತು, ಹೊರಬಿತ್ತು, ಮತ್ತೆ ಸೇರಿತು.

ಆದರೆ ಬಾಗಿಲು ತೆರೆದವನಿಗೆ ಅದರೊಳಗೆ ಹೋಗಲು ಆಗಲಿಲ್ಲ. ಒಂದು ಸಾಲು ಬರೆದರೆ, ‘ಇದರಲ್ಲಿ ಹೊಸದೇನಿದೆ?’ ಎಂದು ಯಾರೋ ಬೆನ್ನ ಹಿಂದೆ ನಿಂತು ಕೇಳಿದ ಹಾಗಾಗುತ್ತಿತ್ತು. ಬರೆದು ಹೊಡೆದು, ಬರೆದು ಹೊಡೆದು, ಒಂದು ದಿನ ಬರೆಯುವುದನ್ನೇ ಬಿಟ್ಟರು. ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ. ಜನ ‘ನಿಂತವಳು’ ಓದುತ್ತಲೇ ಇದ್ದರು.

ಈಗ ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರು ತೀರ್ಥಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದರು. ಮಗಳು ಅಪರ್ಣಾ ಹಲ್ಲಿನ ಡಾಕ್ಟರು. ಬೆಳಗಿನ ಹೊತ್ತು ಮೇಷ್ಟ್ರು ಅವಳ ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಪೇಪರು ಹಿಡಿದು ಕೂರುತ್ತಿದ್ದರು. ದವಡೆ ಊದಿಸಿಕೊಂಡು ಬಂದವರು ಯಾರೂ ಸಾಹಿತ್ಯದ ಮಾತೆತ್ತುವುದಿಲ್ಲವೆಂಬುದೇ ಅವರಿಗೆ ದೊಡ್ಡ ಸಮಾಧಾನ.

ಸಾಗರದ ಕಾಲೇಜಿನಿಂದ ಕರೆ ಬಂದದ್ದು ಅಲ್ಲಿ ಕೂತಿದ್ದಾಗಲೇ. ವಿಭಾ ಎಂಬ ಕನ್ನಡ ಲೆಕ್ಚರರ್. ನವ್ಯ ಸಣ್ಣಕಥೆ ಮತ್ತು ಪ್ರಯೋಗ ಎಂಬ ವಿಷಯದ ಮೇಲೆ ಒಂದು ದಿನದ ವಿಚಾರಸಂಕಿರಣ, ಸರ್, ತಾವು ಬರಲೇಬೇಕು. ಮೇಷ್ಟ್ರು ಮೊಣಕಾಲಿನ ನೆಪ ಹೇಳಿದರು. ಆಕೆ ಕಾರು ಕಳಿಸುತ್ತೇನೆ ಅಂದಳು. ಯೋಚಿಸಿ ಹೇಳುತ್ತೇನೆ ಎಂದು ಫೋನಿಟ್ಟರು.

ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ ಅಪರ್ಣಾ, "ಹೋಗ್ಬಾ ಅಪ್ಪಯ್ಯ. ಮನೇಲಿ ಕೂತು ಎಂತ ಮಾಡ್ತೆ?" ಅಂದಳು.

"ಅದೇ ಕಥೆ ಇದ್ದು, ಅದೇ ಪ್ರಶ್ನೆ ಇದ್ದು. ಹೊಸತು ಎಂತೂ ಇಲ್ಲೆ."

"ಇಲ್ಲೂ ಅದೇ ಪೇಪರು, ಅದೇ ಕುರ್ಚಿ ಅಲ್ದಾ?"

ಮೇಷ್ಟ್ರು ಪೇಪರು ಮಡಿಸಿಟ್ಟು, ಬರುತ್ತೇನೆಂದು ವಿಭಾಳಿಗೆ ಫೋನು ಮಾಡಿದರು.

ಕಾರು ಬೇಡವೆಂದು ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿ ಸಾಗರದ ಲಾಡ್ಜೊಂದರಲ್ಲಿ ಉಳಿದರು. ಮಾರ್ಚ್ ತಿಂಗಳ ಬಿಸಿಲು. ಬೆಳಿಗ್ಗೆ ಕಾಲೇಜಿನ ಸಭಾಂಗಣಕ್ಕೆ ಕಾಲಿಟ್ಟಾಗ ವಿಭಾ ಒಂದು ಕೈಯಲ್ಲಿ ಊಟದ ಟೋಕನ್ನು, ಇನ್ನೊಂದರಲ್ಲಿ ಮೈಕಿನ ವೈರು ಹಿಡಿದು ಓಡಾಡುತ್ತಿದ್ದಳು. ಕಣ್ಣಿನ ಕೆಳಗೆ ಕಪ್ಪು. "ಬನ್ನಿ ಸರ್, ದಯವಿಟ್ಟು ಕೂತ್ಕೊಳಿ, ಪ್ರೊಜೆಕ್ಟರ್ ಒಂದು ಆನ್ ಆಗ್ತಿಲ್ಲ," ಎಂದು ಮಾಯವಾದಳು. ಅವಳನ್ನು ನೋಡಿ ಮೇಷ್ಟ್ರಿಗೆ ಅಯ್ಯೋ ಅನ್ನಿಸಿತು. ತನ್ನ ಒಂದು ದಿನದ ಕುತೂಹಲ ಎಷ್ಟೆಲ್ಲ ಜನರಿಗೆ ಕೆಲಸ ಹಚ್ಚಿದೆಯಲ್ಲ ಅಂದುಕೊಂಡರು.

ಪ್ರಬಂಧಗಳು ಶುರುವಾದವು. ಒಬ್ಬರು ಪೂರ್ಣವಿರಾಮದ ಗೈರುಹಾಜರಿಯ ಬಗ್ಗೆ ಮಾತಾಡಿದರು. ಇನ್ನೊಬ್ಬರಿಗೆ ಬಸ್ಸೆಂದರೆ ಸ್ವಾತಂತ್ರ್ಯ, ಛತ್ರಿಯೆಂದರೆ ಸಂಸಾರ, ಮುರಿದ ಕಡ್ಡಿಯೆಂದರೆ ಅದರಲ್ಲಿ ಬಿದ್ದ ಬಿರುಕು. ಅದು ನಿಜವಾಗಿ ಮುರಿದ ಕಡ್ಡಿ ಎಂದು ಮೇಷ್ಟ್ರಿಗೆ ಹೇಳಬೇಕೆನಿಸಿತು. ಮುಂದಿನ ಸಾಲಿನ ಕುರ್ಚಿ ಮೆತ್ತಗಿತ್ತು. ಫ್ಯಾನಿನ ಗಾಳಿಗೆ ಕಣ್ಣು ಎಳೆಯಿತು.

ಎಚ್ಚರವಾದಾಗ ವೇದಿಕೆಯ ಮೇಲೆ ಜಗಳದ ಹಾಗೆ ಏನೋ ನಡೆದಿತ್ತು. ಹಳೆಯ ಪ್ರಶ್ನೆಯೇ: ಕೊನೆಯಲ್ಲಿ ಅವಳು ಬಸ್ಸು ಹತ್ತಿದಳೇ? ಹತ್ತಿದಳೆಂದರೆ ಬಿಡುಗಡೆ ಎಂದು ಒಬ್ಬರು. ಹತ್ತದೆ ಉಳಿದದ್ದೇ ಅವಳ ಆಯ್ಕೆ ಎಂದು ಮತ್ತೊಬ್ಬರು. ಹತ್ತಿದಳೋ ಇಲ್ಲವೋ ಎಂದು ಕೇಳುವುದೇ ತಪ್ಪು, ಅನಿಶ್ಚಿತತೆಯೇ ಈ ಕಥೆಯ ಸಾಧನೆ ಎಂದು ಅಧ್ಯಕ್ಷರು.

"ಹತ್ತಿದ್ರು ಸರ್," ಎಂದು ಹಿಂದಿನ ಸಾಲಿನಿಂದ ಒಂದು ದನಿ ಬಂತು. "ಕೊನೇ ಬಸ್ಸಿಗೆ."

ಎಲ್ಲರೂ ತಿರುಗಿದರು. ಅಂತಿಮ ಬಿ.ಎ. ಓದುವ ಹುಡುಗಿ, ಕುತ್ತಿಗೆಯಲ್ಲಿ ಸ್ವಯಂಸೇವಕರ ಗುರುತಿನ ಚೀಟಿ. ಅಧ್ಯಕ್ಷರು ನಕ್ಕರು. "ಅದು ನಿನ್ನ ಓದು ಅಮ್ಮ. ಅದಕ್ಕೆ ಕಥೆಯಲ್ಲಿ ಆಧಾರ ಬೇಕಲ್ಲ?"

"ಓದಲ್ಲ ಸರ್. ಅವ್ರು ನಮ್ಮಜ್ಜಿ."

ಸಭೆಯಲ್ಲಿ ಸಣ್ಣ ನಗೆಯೊಂದು ಹರಿದಾಡಿತು. ವಿಭಾ ಎದ್ದು, "ಸುಷ್ಮಾ, ಕಥೆಯ ಪಾತ್ರ ಬೇರೆ, ವ್ಯಕ್ತಿ ಬೇರೆ. ಕ್ಲಾಸಲ್ಲಿ ಹೇಳಿದೀನಲ್ಲ," ಅಂದಳು. ಹುಡುಗಿ ಕೆಂಪಗಾಗಿ ಕೂತಳು. ಚರ್ಚೆ ಮುಂದುವರಿಯಿತು. ಮೇಷ್ಟ್ರ ನಿದ್ದೆ ಮಾತ್ರ ಪೂರ್ತಿ ಹಾರಿಹೋಗಿತ್ತು.

ಊಟದ ಹೊತ್ತಿಗೆ ಅವರು ತಟ್ಟೆ ಹಿಡಿದುಕೊಂಡು ಹುಡುಗಿಯನ್ನು ಹುಡುಕಿದರು. ಆಕೆ ನೀರಿನ ಲೋಟ ಜೋಡಿಸುತ್ತಿದ್ದಳು.

"ನಿನ್ನಜ್ಜಿ ಹೆಸರೇನಮ್ಮ?"

"ವಿಶಾಲಮ್ಮ ಅಂತ ಸರ್. ನಿಟ್ಟೂರು ನಮ್ದು. ಹೋದ ವರ್ಷ ಈ ಕಥೆ ಪಾಠ ಇತ್ತು, ರಜೇಲಿ ಮನೇಲಿ ಗಟ್ಟಿಯಾಗಿ ಓದ್ಕೋತಿದ್ದೆ. ಛತ್ರಿ ಬಂತು, ಮರ ಬಂತು, ಹೋಟ್ಲು ಬಂತು. ಅಜ್ಜಿ ಕೆಲಸ ಬಿಟ್ಟು ಬಂದು ಕೂತ್ಕೊಂಡ್ರು. ಅವತ್ತು ಒಬ್ರು ಮೇಷ್ಟ್ರು ಇಡೀ ದಿವ್ಸ ಜಗಲೀಲಿ ಕೂತು ನನ್ನನ್ನೇ ನೋಡ್ತಿದ್ರು, ಬರೆದದ್ದು ಅವ್ರೇ ಇರ್ಬೇಕು ಅಂದ್ರು."

"ಕಥೆ ಕೇಳಿ ಏನಂದರು?"

ಸುಷ್ಮಾ ಲೋಟ ಸರಿಮಾಡಿದಳು. "ಸುಳ್ಳು ಅಂದ್ರು ಸರ್. ಆಮೇಲೆ, ಇನ್ನೊಂದ್ಸಲ ಓದು ಅಂದ್ರು."

ಮೇಷ್ಟ್ರು ಅನ್ನ ಕಲಸಿದವರು ಉಣ್ಣುವುದನ್ನು ಮರೆತರು. ಐವತ್ತು ವರ್ಷದಲ್ಲಿ ಆ ಕಥೆಯ ಬಗ್ಗೆ ಎಷ್ಟೋ ಮಾತು ಕೇಳಿದ್ದರು. ಸುಳ್ಳು ಎಂದು ಯಾರೂ ಅಂದಿರಲಿಲ್ಲ. ಮಾರನೆಯ ದಿನ ಭಾನುವಾರ; ಸುಷ್ಮಾ ಊರಿಗೆ ಹೋಗುವವಳಿದ್ದಳು. ನಾನೂ ಬರಲೇ ಎಂದು ಕೇಳಿದಾಗ ತಮ್ಮ ದನಿ ತಮಗೇ ಅಪರಿಚಿತವಾಗಿ ಕೇಳಿಸಿತು.

ಹೊಸನಗರ ದಾಟಿ ನಗರ ಬಂದಾಗ ಬಸ್ಸು ಐದು ನಿಮಿಷ ನಿಂತಿತು. ಮೇಷ್ಟ್ರು ಕಿಟಕಿಯಿಂದ ನೋಡಿದರು. ಮರವಿರಲಿಲ್ಲ. ಹೋಟೆಲಿದ್ದ ಜಾಗದಲ್ಲಿ ಮೊಬೈಲ್ ರೀಚಾರ್ಜಿನ ಅಂಗಡಿ, ಅದರ ಮೇಲೆ ಯಾವುದೋ ಸೊಸೈಟಿಯ ಬೋರ್ಡು. ಕೋಟೆಗೆ ಹೋಗುವ ಪ್ರವಾಸಿಗರು ದೊಡ್ಡ ವ್ಯಾನಿನಿಂದ ಇಳಿಯುತ್ತಿದ್ದರು. ಯಾವುದೂ ಮನಸ್ಸಿಗೆ ತಟ್ಟಲಿಲ್ಲ. ಮೊಣಕಾಲು ನೋಯುತ್ತಿತ್ತು. ಇದೆಲ್ಲ ಯಾಕೆ ಬೇಕಿತ್ತು ಎಂದು ಅನ್ನಿಸಿದ್ದೂ ನಿಜ.

ನಿಟ್ಟೂರಿನಲ್ಲಿ ಇಳಿದು ಸ್ವಲ್ಪ ನಡೆದರೆ ಮನೆ. ಅಂಗಳದಲ್ಲಿ ಚಾಪೆಯ ಮೇಲೆ ಕಾಳುಮೆಣಸು ಒಣಗುತ್ತಿತ್ತು. ನೆರಳಿನಲ್ಲಿ ಮಣೆ ಹಾಕಿಕೊಂಡು ಕೂತು ಕಡ್ಡಿ ಕಸ ಆರಿಸುತ್ತಿದ್ದ ಮುದುಕಿ ತಲೆಯೆತ್ತಿದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಅಜ್ಜಿ, ಇವ್ರೇ ಆ ಕಥೆ ಬರೆದ ಮೇಷ್ಟ್ರು," ಅಂದಳು ಸುಷ್ಮಾ.

"ಹೌದನಾ?" ವಿಶಾಲಮ್ಮ ಮತ್ತೊಮ್ಮೆ ನೋಡಿದಳು. "ಆವಾಗ ತಲೆ ತುಂಬಾ ಕೂದ್ಲಿತ್ತು ನಿಮ್ಗೆ. ಬನ್ನಿ ಮೇಷ್ಟ್ರೇ, ಕೂತ್ಕಳಿ. ಮಗಾ, ಕುರ್ಚಿ ತಾ. ಮಜ್ಜಿಗೆ ಮಾಡು, ಬಿಸ್ಲಲ್ಲಿ ಬಂದಾರೆ."

ಒಳಗಿನಿಂದ ವಿಶಾಲಮ್ಮನ ಮಗ, ಸುಷ್ಮಾಳ ಅಪ್ಪ ಹೂವಪ್ಪ ಬಂದು ಕೈಮುಗಿದ. ಕಥೆಯಲ್ಲಿ ಕಂಕುಳಲ್ಲಿದ್ದ ಮಗು ಇವನೇ ಎಂದು ಸುಷ್ಮಾ ಹೇಳಿದಾಗ ಮೇಷ್ಟ್ರು ಅವನ ನರೆತ ಗಡ್ಡವನ್ನು ದಿಟ್ಟಿಸಿದರು. ಹೂವಪ್ಪ ನಾಚಿಕೆಯಿಂದ ನಕ್ಕು, ಗೂಡ್ಸ್ ಆಟೋಗೆ ಬಾಡಿಗೆ ಇದೆ, ಈಗ ಬಂದೆ ಎಂದು ಹೊರಟುಹೋದ.

ಮಜ್ಜಿಗೆ ಕುಡಿದಾಯಿತು. ಮಾತು ಹೇಗೆ ಎತ್ತುವುದೋ ತಿಳಿಯದೆ ಮೇಷ್ಟ್ರು ಖಾಲಿ ಲೋಟ ತಿರುಗಿಸುತ್ತ ಕೂತರು. ವಿಶಾಲಮ್ಮನೇ ಶುರುಮಾಡಿದಳು.

"ಚೆನ್ನಾಗಿ ಬರ್ದೀರಿ. ಸುಳ್ಳೇ ಆದ್ರೂ ಚೆನ್ನಾಗಿದೆ. ಅವಳು ಅದ್ಯಾರೋ, ಎಷ್ಟೆಲ್ಲ ಯೋಚ್ನೆ ಮಾಡ್ತಾಳೆ! ಮಲ್ಲಿಗೆ ಬಳ್ಳಿ ಅಂತೆ, ಕತ್ತಲೆ ಅಂತೆ, ಗಂಡನ ಉಸ್ರು ಅಂತೆ. ನಂಗೆ ಅಷ್ಟು ಪುರುಸೊತ್ತು ಎಲ್ಲಿತ್ತು ಮಾರಾಯ್ರೇ? ಬೆಳಿಗ್ಗೆ ಎದ್ದು ಕೊಟ್ಟಿಗೆ ಕೆಲ್ಸ ಮುಗ್ಸಿ, ಅತ್ತೆಗೊಂದು ಸುಳ್ಳು ಹೇಳಿ ಬಸ್ಸು ಹಿಡ್ದು ನಗರಕ್ಕೆ ಬಂದಿದ್ದೆ. ಮಗೂಗೆ ಹಸಿವು. ನಂಗೆ ಒಂದೇ ಯೋಚ್ನೆ."

"ಯಾವ ಬಸ್ಸಿಗೆ ಹೋಗೋದು ಅಂತಲಾ?"

"ನಾ ಯಾವ ಬಸ್ಸಿಗೂ ಹೋಗೋಳಲ್ಲ. ಇಳಿಯೋರನ್ನ ನೋಡ್ತಿದ್ದೆ."

ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಇಡೀ ದಿನ ನೋಡಿದ್ದರು. ಪ್ರತಿ ಬಸ್ಸಿಗೂ ಅವಳು ಬಾಗಿಲ ಹತ್ತಿರ ಬಂದದ್ದು, ಕತ್ತು ಚಾಚಿದ್ದು, ಹಿಂದೆ ಸರಿದದ್ದು ಎಲ್ಲ ಇಂದಿಗೂ ಕಣ್ಣಿಗೆ ಕಟ್ಟಿತ್ತು. ಇಳಿಯುವವರನ್ನು ನೋಡುತ್ತಿರಬಹುದು ಎಂದು ಆ ದಿನ ಒಮ್ಮೆಯೂ ಹೊಳೆದಿರಲಿಲ್ಲ. ಬಸ್ಸೆಂದರೆ ಹೊರಟು ಹೋಗುವುದು ಎಂದೇ ಅವರ ಆ ವಯಸ್ಸಿನ ತಲೆಯಲ್ಲಿ ತುಂಬಿತ್ತು.

ವಿಶಾಲಮ್ಮ ಆರಿಸಿದ ಕಾಳನ್ನು ಒಂದು ಕಡೆಗೆ ದೂಡುತ್ತ ಹೇಳಿದಳು. ಅವಳಿಗೊಬ್ಬಳು ತಂಗಿ, ಹೂವಮ್ಮ. ಘಟ್ಟದ ಕೆಳಗೆ ಹೊಸಂಗಡಿ ಹತ್ತಿರ ಕೊಟ್ಟಿದ್ದರು. ಗಂಡನ ಮನೆಯಲ್ಲಿ ಹೊಡೆತ ಬಡಿತ, ಊಟಕ್ಕೂ ಲೆಕ್ಕ. ಅಪ್ಪನಿಗೆ ಹೇಳಿದರೆ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎನ್ನುವವನು. ಆಗ ಹೂವಮ್ಮ ಘಟ್ಟ ಹತ್ತಿ ಬರುವ ಗಾಡಿಯವನೊಬ್ಬನ ಹತ್ತಿರ ಅಕ್ಕನಿಗೆ ಹೇಳಿಕಳಿಸಿದಳು: ಬಸ್ಸಿಗೆ ನಗರಕ್ಕೆ ಬರುತ್ತೇನೆ, ನೀನು ಬಂದು ನಿಂತಿರು, ಒಬ್ಬಳೇ ಅಪ್ಪನ ಮನೆಯ ಬಾಗಿಲು ತುಳಿಯಲು ಧೈರ್ಯವಿಲ್ಲ.

"ಕೆಳಗಿಂದ ಬಂದ ಬಸ್ಸೆಲ್ಲ ನೋಡ್ದೆ. ಬರ್ಲಿಲ್ಲ. ಹೊಸನಗರದ ಕಡೆಯಿಂದ ಬಂದದ್ದನ್ನೂ ನೋಡ್ದೆ, ಸುತ್ತು ಹಾಕಿ ಬಂದ್ಲೇನೋ ಅಂತ. ಕತ್ಲಾಯ್ತು. ಕೊನೇ ಬಸ್ಸಿಗೆ ಹತ್ತಿ ಮನೆಗೆ ಬಂದೆ. ಹತ್ತದೆ ಅಲ್ಲೇ ಮಲ್ಗೋಕಾಗ್ತದಾ?"

ಸುಷ್ಮಾ ಕಿಸಕ್ಕನೆ ನಕ್ಕಳು. ಮೇಷ್ಟ್ರಿಗೂ ನಗು ಬಂತು. ಅಷ್ಟೊಂದು ಪ್ರಬಂಧಗಳು, ಅಷ್ಟೊಂದು ವಾದ. ತಾವು ಇನ್ನೊಂದಿಷ್ಟು ಹೊತ್ತು ಜಗಲಿಯಲ್ಲಿ ಕೂತಿದ್ದರೆ ಅವಳು ಹತ್ತುವುದನ್ನು ಕಣ್ಣಾರೆ ಕಾಣುತ್ತಿದ್ದರು. ಕೊನೆಯ ಸಾಲು ಹೊಳೆದ ಖುಷಿಗೆ ಎದ್ದು ಓಡಿದ್ದರು.

"ತಂಗಿ ಬರಲೇ ಇಲ್ಲವಾ?" ಎಂದು ಕೇಳಿದರು.

ವಿಶಾಲಮ್ಮನ ಕೈ ನಿಂತಿತು. "ಬಂದ್ಲು. ಮಾರನೇ ದಿವ್ಸ ಬಂದ್ಲು. ನಾಳಿದ್ದು ಅಂತ ಹೇಳಿ ಕಳ್ಸಿದ್ಲಂತೆ. ಆ ಗಾಡಿಯೋನು ಪುಣ್ಯಾತ್ಮ ನಂಗೆ ನಾಳೆ ಅಂತ ಹೇಳ್ದ. ಮಧ್ಯಾಹ್ನದ ಬಸ್ಸಿಗೆ ಬಂದ್ಲಂತೆ, ನಾನಿರ್ಲಿಲ್ಲ, ವಾಪಸ್ ಹೋದ್ಲು. ಆಮೇಲೆ ಅಲ್ಲೇ ಬಾಳ್ದ್ಲು. ಬಾಳಿದ್ದು ಅಂದ್ರೆ ಬಾಳಿದ್ದು. ಮಕ್ಳಾದ್ವು, ಗಂಡ ಮುದ್ಕ ಆದ್ಮೇಲೆ ಕೈ ಎತ್ತೋದು ಬಿಟ್ಟ. ಎಷ್ಟೋ ವರ್ಷ ಆದ್ಮೇಲೆ ಒಂದು ಮದ್ವೆ ಮನೇಲಿ, ಪಾತ್ರೆ ತೊಳೀತಾ, ‘ನಿನ್ನ ದಾರಿ ಕಾದೂ ಕಾದೂ ಸಾಕಾಯ್ತು ಅಕ್ಕ, ನೀ ಬರ್ಲಿಲ್ಲ’ ಅಂದ್ಲು. ನಾ ಹಿಂದಿನ ದಿನ ಬಂದಿದ್ದೆ ಕಣೇ ಅಂದೆ. ನಂಬಿದ್ಲೋ ಇಲ್ವೋ. ಮತ್ತೆ ಆ ಮಾತು ಆಡ್ಲಿಲ್ಲ. ಕೊರೊನಾದಲ್ಲಿ ಹೋಗ್ಬಿಟ್ಲು. ಮುಖ ನೋಡೋಕೂ ಆಗ್ಲಿಲ್ಲ."

ಅಂಗಳದ ಕೋಳಿಯೊಂದು ಚಾಪೆಯ ಹತ್ತಿರ ಬಂತು. ಸುಷ್ಮಾ ಅದನ್ನು ಅಟ್ಟಿದಳು.

ಮಧ್ಯಾಹ್ನದ ಬಸ್ಸು ಎಂಬ ಮಾತು ಮೇಷ್ಟ್ರೊಳಗೆ ಎಲ್ಲೋ ಇಳಿಯುತ್ತಿತ್ತು. ಆಗ ಮಾರನೆಯ ದಿನವೂ ಶಾಲೆಗೆ ರಜೆಯಿತ್ತು. ನಿನ್ನೆಯವಳು ಇವತ್ತೂ ಬರಬಹುದೇನೋ ಎಂಬ ಆಸೆಯಿಂದ ಅವರು ಅದೇ ಜಗಲಿಯಲ್ಲಿ ಕೂತಿದ್ದರು. ಅವಳು ಬರಲಿಲ್ಲ. ಮಧ್ಯಾಹ್ನ ಕೆಳಗಿನಿಂದ ಬಂದ ಬಸ್ಸಿನಿಂದ ಬೇರೊಬ್ಬಳು ಇಳಿದಳು. ಎಳೆ ಪ್ರಾಯದವಳು, ನಿನ್ನೆಯವಳದ್ದೇ ಮೂಗು, ನಿನ್ನೆಯವಳ ಹಾಗೇ ಕತ್ತು ಚಾಚಿ ನೋಡುವ ರೀತಿ. ಸುತ್ತ ನೋಡಿದಳು. ಮರದ ಕೆಳಗೆ ನಿಂತಳು. ಕೆಳಗೆ ಹಿಂತಿರುಗುವ ಅದೇ ಬಸ್ಸು ಹತ್ತಿ ಹೋದಳು.

ಅಷ್ಟೇ ಅಲ್ಲ. ಅವಳನ್ನು ಅವರು ಬರೆದೂ ಇದ್ದರು. ಮೊದಲ ಪ್ರತಿಯಲ್ಲಿ ಕಥೆಗೆ ಎರಡು ದಿನವಿತ್ತು, ಇಬ್ಬರು ಹೆಂಗಸರಿದ್ದರು. ಒಬ್ಬಳು ನಿಂತದ್ದು ಇನ್ನೊಬ್ಬಳಿಗಾಗಿ ಇರಬಹುದೇ ಎಂಬ ಒಂದು ಗುಮಾನಿಯೂ ಇತ್ತು. ಸಾಗರದಲ್ಲಿ ಗೆಳೆಯರೆಲ್ಲ ಸೇರುವ ಕೋಣೆಯಲ್ಲಿ ಓದಿದಾಗ ಅವರಲ್ಲಿ ತೀರ ಓದಿಕೊಂಡವನೊಬ್ಬ ಸಿಗರೇಟು ಆರಿಸಿ ಹೇಳಿದ್ದ: "ಎರಡನೆಯವಳನ್ನ ತೆಗಿ ಮಾರಾಯ. ಅವಳು ಬಂದ್ರೆ ಇದು ಕಥೆ ಆಗಿಬಿಡ್ತದೆ. ಕಥೆ ಆಗಬಾರದು." ಎಲ್ಲರೂ ತಲೆದೂಗಿದ್ದರು. ಆ ಕಾಲ ಹಾಗಿತ್ತು. ಘಟನೆ ಎಂದರೆ ಹಳೆಯದು, ಕಾಕತಾಳೀಯವೆಂದರೆ ಅಗ್ಗ, ಮನಸ್ಸಿನೊಳಗಿನದೇ ನಿಜ. ಮಹಾಗಣಪತಿಗೂ ಅದು ಸರಿಯೆನಿಸಿತ್ತು. ಕೋಣೆಗೆ ಹಿಂತಿರುಗಿ ಎರಡನೆಯ ದಿನವನ್ನು ಪೂರ್ತಿ ಹೊಡೆದುಹಾಕಿದ್ದರು. ಕಥೆ ಬಿಗಿಯಾಯಿತು, ಹೊಸದಾಯಿತು. ಹೊಡೆದ ಪುಟ ಎಲ್ಲಿ ಹೋಯಿತೋ.

ಹೇಳುವುದೋ ಬೇಡವೋ ಎಂದು ಅವರು ತುಂಬ ಹೊತ್ತು ತೂಗಿದರು. ಹೇಳಿದರೆ ಯಾರಿಗೆ ಏನು ಬಂತು? ಹೋದವಳು ಹೋದಳು. ಇದ್ದವಳು ಬೇಯುವಷ್ಟು ಬೆಂದಿದ್ದಾಳೆ. ಎದ್ದು ಬಸ್ಸು ಹಿಡಿದರೆ ಸಂಜೆಗೆ ತೀರ್ಥಹಳ್ಳಿ. ಆದರೂ ಕಾಲು ಏಳಲಿಲ್ಲ.

"ವಿಶಾಲಮ್ಮ, ನಿಮ್ಮ ತಂಗಿಯನ್ನ ನಾನು ನೋಡಿದ್ದೇನೆ."

ಮುದುಕಿ ತಲೆಯೆತ್ತಿದಳು.

"ಮಾರನೇ ದಿನ. ನಾನು ಅಲ್ಲೇ ಇದ್ದೆ. ನಿಮ್ಮ ಹಾಗೇ ಇದ್ದರು."

ವಿಶಾಲಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಕೈಯಲ್ಲಿ ಧೂಳು ಅಂಥದ್ದೇನೂ ಇರಲಿಲ್ಲ. "ಹೆಂಗಿದ್ಲು?" ಎಂದು ಕೇಳಿದ ದನಿ ತೀರ ಸಣ್ಣದಾಗಿತ್ತು.

"ಬರಿಗೈಲಿ ಬಂದಿದ್ದರು. ಗಂಟು ಇರಲಿಲ್ಲ. ಸೀರೆ ನೆನಪಿಲ್ಲ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಅದು ನೆನಪಿದೆ. ಬಿಸಿಲಿಗೆ ಒಂದು ಕಾಲು ಎತ್ತಿ ಒಂದು ಕಾಲು ಇಡುತ್ತಿದ್ದರು. ಆಮೇಲೆ ಮರದ ಕೆಳಗೆ ಹೋದರು."

"ಅತ್ಳಾ?"

"ಇಲ್ಲ."

"ಯಾರನ್ನಾದ್ರೂ ಕೇಳಿದ್ಲಾ?"

"ಇಲ್ಲ. ಸುಮ್ಮನೆ ನೋಡಿದರು."

"ಎಷ್ಟು ಹೊತ್ತು ನಿಂತಿದ್ಲು?"

ಇದಕ್ಕೆ ಉತ್ತರ ಗೊತ್ತಿತ್ತು. ಕೆಳಗಿನ ಬಸ್ಸಿನ ಡ್ರೈವರು ಕಂಡಕ್ಟರು ಅದೇ ಹೋಟೆಲಿನಲ್ಲಿ ಉಣ್ಣುತ್ತಿದ್ದರು. ಅವರು ಕೈ ತೊಳೆದು ಹೊರಟಾಗ ಅವಳು ಹತ್ತಿದ್ದಳು.

"ಡ್ರೈವರ್ ಊಟ ಮಾಡುವಷ್ಟು ಹೊತ್ತು," ಅಂದರು ಮೇಷ್ಟ್ರು.

"ಅಷ್ಟೇನಾ?"

"ಅಷ್ಟೇ."

ವಿಶಾಲಮ್ಮ ಅವರನ್ನೇ ನೋಡಿದಳು. ಮುಖದ ಮೇಲೆ ಏನೋ ಏರಿ ಬಂತು. "ಕಾದೂ ಕಾದೂ ಸಾಕಾಯ್ತು ಅಂದ್ಲು ನಂಗೆ. ನನ್ನ ಮಕದ ಮೇಲೆ ಅಂದ್ಲು. ಡ್ರೈವರ್ ಉಂಡು ಏಳೋಷ್ಟು ಹೊತ್ತಾ? ನಾ ಮಗೂ ಎತ್ಕಂಡು ಇಡೀ ದಿವ್ಸ ನಿಂತೆ. ಅತ್ತೆ ಹತ್ರ ಬೈಸ್ಕಂಡೆ. ಮೂವತ್ತು ವರ್ಷ ಅವಳ ಮಾತು ಇಲ್ಲಿ ಕೂತಿತ್ತು ನಂಗೆ." ಎದೆಯ ಮೇಲೆ ಅಂಗೈಯಿಂದ ತಟ್ಟಿಕೊಂಡಳು. "ಇನ್ನೊಂದು ಗಳಿಗೆ ನಿಂತಿದ್ರೆ, ಯಾರನ್ನಾದ್ರೂ ಕೇಳಿದ್ರೆ, ನಡ್ಕಂಡು ಬಂದಿದ್ರೆ... ಕೆಟ್ಟವಳು! ಕೆಟ್ಟವಳು ಅವಳು!"

"ಅಜ್ಜಿ," ಎಂದು ಸುಷ್ಮಾ ಹತ್ತಿರ ಬಂದಳು. ಮುದುಕಿ ಅವಳ ಕೈ ಸರಿಸಿದಳು. ಸ್ವಲ್ಪ ಹೊತ್ತು ಉಸಿರು ಜೋರಾಗಿ ಬಿಟ್ಟಳು. ಆಮೇಲೆ ಸಿಟ್ಟು ಬಂದ ದಾರಿಯಲ್ಲೇ ಇಳಿಯಿತು. ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

"ಹೆದ್ರಿದ್ಲು ಪಾಪ," ಅಂದಳು. "ಚಪ್ಲಿ ಸೈತ ಹಾಕ್ಕಂಡು ಬಂದಿರ್ಲಿಲ್ಲ ಅಂದ್ರೆ, ಹಿತ್ಲಿಂದ ಹಂಗೇ ಓಡಿ ಬಂದಿರ್ಬೇಕು. ಆ ಬಸ್ಸು ತಪ್ಪಿದ್ರೆ ಕತ್ಲೆಗೆ ಮುಂಚೆ ಮನೆ ಸೇರೋಕಾಗ್ತಿರ್ಲಿಲ್ಲ. ಗೊತ್ತಾದ್ರೆ ಕೊಂದೇ ಹಾಕ್ತಿದ್ರು. ಉಂಡು ಏಳೋಷ್ಟು ಹೊತ್ತು ಅವಳಿಗೆ ಎಷ್ಟು ಉದ್ದ ಆಗಿತ್ತೋ ಏನೋ."

ಮೇಷ್ಟ್ರು ಎರಡನೆಯ ದಿನವನ್ನು ತಾವು ಬರೆದು ಹೊಡೆದುಹಾಕಿದ್ದನ್ನೂ ಹೇಳಿದರು. ಯಾಕೆ ಎಂದು ಅವಳು ಕೇಳಿದಳು. ಆ ಕಾಲದ ಮಾತನ್ನು ಈ ಅಂಗಳದಲ್ಲಿ ಹೇಗೆ ಬಿಡಿಸಿ ಹೇಳುವುದು? ಆಗ ಹೊಸ ರೀತಿಯಲ್ಲಿ ಬರೆಯಬೇಕೆಂಬ ಹಟವಿತ್ತು. ಏನಾಯಿತು ಎನ್ನುವುದಕ್ಕಿಂತ ಒಳಗೆ ಏನಾಗುತ್ತದೆ ಎನ್ನುವುದು ದೊಡ್ಡದೆನಿಸಿತ್ತು ಎಂದರು. ಅವಳು ಕೇಳಿಸಿಕೊಂಡಳು.

"ಒಳಗೆ ಆಗೋದೆಲ್ಲ ಹೊರಗೆ ಏನೋ ಆಗಿದ್ದಕ್ಕೇ ಅಲ್ವಾ," ಎಂದಳು. ವಾದಕ್ಕೆ ಅಂದದ್ದಲ್ಲ. ಅಷ್ಟು ಹೇಳಿ ಮತ್ತೆ ಕಾಳಿಗೆ ಕೈ ಹಾಕಿದಳು. "ಆದ್ರೂ ಅವಳು ನಂಗೆ ಇಷ್ಟ ಆದ್ಲು, ನಿಮ್ಮ ಕಥೆಯೋಳು. ಯೋಚ್ನೆ ಮಾಡ್ತಾ ನಿಂತಿರೋಕೆ ಅವಳಿಗೊಂದು ಇಡೀ ದಿವ್ಸ ಸಿಕ್ತಲ್ಲ. ಅದ್ಕೇ ಇನ್ನೊಂದ್ಸಲ ಓದ್ಸಿದ್ದು."

ಹೊರಡುವಾಗ ಮೇಷ್ಟ್ರು, "ನಿಮ್ಮ ತಂಗಿಯದ್ದು ಬರೆಯಲಾ?" ಎಂದು ಕೇಳಿದರು.

"ಬರೀರಿ. ಒಂದೇ ಸಲಕ್ಕೆ ಅರ್ಥ ಆಗೋ ಹಂಗೆ ಬರೀರಿ. ಈ ಹುಡುಗಿ ಓದುವಾಗ ಎಲ್ಲೂ ಉಸ್ರು ತಗಳೋಕೇ ಜಾಗ ಇಲ್ಲ."

ತೀರ್ಥಹಳ್ಳಿಗೆ ಬಂದ ಮೇಲೆ ಬರೆಯಲು ಕೂತದ್ದು ಏಪ್ರಿಲ್ಲಿನಲ್ಲಿ. ಕಣ್ಣು ಬೇಗ ದಣಿಯುತ್ತಿತ್ತು. ಅದಕ್ಕಿಂತ ಕಷ್ಟವಾದದ್ದು ಬೇರೆ. ‘ಒಂದೂರಿನಲ್ಲಿ ಅಕ್ಕ ತಂಗಿ ಇದ್ದರು’ ಎಂದು ಬರೆದು ಮುಂದೆ ಹೋಗಲು ಅವರಿಗೆ ಎಷ್ಟೋ ದಿನ ಹಿಡಿಯಿತು. ಬೆನ್ನ ಹಿಂದಿನ ದನಿ ಕೇಳುತ್ತಲೇ ಇತ್ತು, ‘ಇದರಲ್ಲಿ ಹೊಸದೇನಿದೆ?’ ಏನೂ ಇಲ್ಲ ಎಂದುಕೊಂಡು ಬರೆದರು. ವಾಕ್ಯ ಮುಗಿದಲ್ಲಿ ಚುಕ್ಕೆ ಇಟ್ಟರು. ಒಬ್ಬಳು ಬಂದಳು, ಇನ್ನೊಬ್ಬಳಿರಲಿಲ್ಲ, ಹೋದಳು. ಬರೆದು ಮುಗಿದ ದಿನ ಯಾವ ಸಂತೋಷವೂ ಆಗಲಿಲ್ಲ. ಬಹಳ ದೂರ ನಡೆದು ಬಂದವರ ಹಾಗೆ ಮಲಗಿ ಸಂಜೆಯವರೆಗೂ ನಿದ್ದೆ ಮಾಡಿದರು.

ಒಂದು ವಾರಪತ್ರಿಕೆಗೆ ಕಳಿಸಿದರು. ಅಲ್ಲಿನ ಎಳೆಯ ಸಂಪಾದಕ ಫೋನು ಮಾಡಿ, ತುಂಬ ಗೌರವದಿಂದ, ‘ನಿಂತವಳು’ ಬರೆದವರಿಂದ ನಾವು ಬೇರೆ ಏನನ್ನೋ ನಿರೀಕ್ಷಿಸುತ್ತೇವೆ ಸರ್, ಇದು ಸ್ವಲ್ಪ ಹಳೆಯ ಶೈಲಿ ಎಂದ. ಹೌದು ಎಂದು ಮೇಷ್ಟ್ರು ಒಪ್ಪಿದರು. ವಿಭಾ ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೇಳಿ ತರಿಸಿಕೊಂಡಳು. ಓದಿ ಅವಳೂ ಫೋನು ಮಾಡಿದಳು.

"ಸರ್, ಹಾಕ್ತೀವಿ, ಖಂಡಿತ ಹಾಕ್ತೀವಿ. ಒಂದೇ ಸಂಶಯ. ಇದರಲ್ಲಿ ಪ್ರಯೋಗ ಅಂತ ಯಾವುದನ್ನ ಹೇಳ್ಬಹುದು? ಟಿಪ್ಪಣಿ ಬರೀಬೇಕು ನಾನು."

"ಪ್ರಯೋಗ ಇಲ್ಲಮ್ಮ. ನನಗೆ ಸುಸ್ತಾಗಿದೆ."

"ನಂಗೂ ಸರ್," ಅಂದಳು ವಿಭಾ. ಇಬ್ಬರೂ ನಕ್ಕರು. ಟಿಪ್ಪಣಿಯಿಲ್ಲದೆಯೇ ಅಚ್ಚಿಗೆ ಹೋಗುತ್ತದೆ ಎಂದಳು.

ಅಚ್ಚಿಗೆ ಹೋಗುವ ಮುಂಚೆ ಒಂದು ಪ್ರತಿ ಸುಷ್ಮಾಳ ಕೈ ಸೇರಿತು. ಒಂದು ಸಂಜೆ ಅವಳ ನಂಬರಿನಿಂದ ಕರೆ ಬಂತು. ಮಾತಾಡಿದ್ದು ವಿಶಾಲಮ್ಮ.

"ಮೇಷ್ಟ್ರೇ, ಓದ್ಸಿ ಕೇಳ್ದೆ. ಅರ್ಥ ಆಯ್ತು. ಒಂದು ಮಾತು. ಹೂವಮ್ಮ ಅಂತ ಹೆಸ್ರು ಹಾಕೀರಲ್ಲ, ಅದು ಬ್ಯಾಡ. ಅವಳ ಮಗ್ಳು ಮುಂದಿನ ತಿಂಗ್ಳು ನಮ್ಮನೆಗೆ ಬರೋಳಿದಾಳೆ. ಅವ್ವ ಮನೆ ಬಿಟ್ಟು ಓಡಿ ಬಂದಿದ್ಲು ಅಂತ ಆ ಹುಡುಗಿಗೆ ಗೊತ್ತಿಲ್ಲ. ಇಷ್ಟು ವರ್ಷ ಆದ್ಮೇಲೆ ಯಾಕೆ? ನೀವು ಬೇರೆ ಹೆಸ್ರು ಇಡಿ."

"ಯಾವ ಹೆಸರು ಇಡಲಿ?"

ಫೋನಿನಲ್ಲಿ ದನವೊಂದು ಕೂಗಿದ್ದು ಕೇಳಿಸಿತು. ಬಂದೆ ತಡಿ ಎಂದು ಅವಳು ಅದಕ್ಕೆ ಗದರಿದಳು.

"ಅದ್ನೂ ನಾನೇ ಹೇಳ್ಬೇಕಾ?" ಅಂದಳು ವಿಶಾಲಮ್ಮ. "ನಂಗೆ ಹಾಲು ಕರಿಯೋ ಹೊತ್ತಾಯ್ತು. ನೀವೇ ಯಾವ್ದಾದ್ರೂ ಒಂದು ಒಳ್ಳೇ ಹೆಸ್ರು ಇಡಿ ಮೇಷ್ಟ್ರೇ."